ಮೂರನೇ ಕೂಗಿಗೆ ಮೊದಲು

ನನ್ನ ಭಾವ ತಲೆ ಕೊಡವಿದರೆ ಹಳದಿ ಮೋಡ ಏಳುತ್ತಿತ್ತು. ಸೊಂಟದವರೆಗೆ ಇಳಿದ ಕೂದಲು, ಅದರ ಎಳೆಎಳೆಯಲ್ಲೂ ನನ್ನ ಶೆಡ್ಡಿನ ಅರಿಶಿನದ ಪುಡಿ. ಕಪ್ಪು ಟೀ ಶರ್ಟು, ಕಪ್ಪು ಪ್ಯಾಂಟು, ಕೈಯಲ್ಲಿ ಮೈಕು. ಹಾಡಿನ ಜೋರಿಗೆ ಬಗ್ಗಿ ಕೂದಲನ್ನು ಗಿರ್ರನೆ ಸುತ್ತಿಸಿದಾಗ ಶೀಟಿನ ಸಂದಿಯಿಂದ ಬೀಳುವ ಬಿಸಿಲುಕೋಲೆಲ್ಲ ಬಂಗಾರವಾಗುತ್ತಿತ್ತು. ಹಾಡು ಮುಗಿಸಿ ಹೊರಗೆ ಬಂದರೆ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತ ಹಾಡುವವರ ಹಾಗೆ ಕಾಣುತ್ತಿರಲಿಲ್ಲ. ಅರಿಶಿನ ಹಚ್ಚುವ ಶಾಸ್ತ್ರದ ನಡುವೆ ತಪ್ಪಿಸಿಕೊಂಡು ಓಡಿಬಂದ ಮದುವೆ ಗಂಡಿನ ಹಾಗೆ ಕಾಣುತ್ತಿದ್ದರು.

ಶೆಡ್ಡು ನನ್ನದು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ವಾರವೆಲ್ಲ ಅಲ್ಲಿ ಒಣಗಿದ ಅರಿಶಿನದ ಕೊಂಬನ್ನು ಪಾಲಿಶ್ ಮಾಡುವ ದೊಡ್ಡ ಡ್ರಮ್ಮು ಗಡಗಡ ಉರುಳುತ್ತದೆ. ಭಾನುವಾರ ಅದಕ್ಕೆ ರಜೆ. ಅವತ್ತು ಭಾವನ ಬ್ಯಾಂಡು ಗಡಗಡ ಅನ್ನುತ್ತದೆ. ಅಕ್ಕಪಕ್ಕದ ಹೊಲದವರಿಗೆ ಎರಡರ ವ್ಯತ್ಯಾಸ ತಿಳಿಯದ್ದರಿಂದ ಯಾರೂ ದೂರು ಹೇಳಲಿಲ್ಲ. ಬ್ಯಾಂಡ್ ಕಟ್ಟುವ ಆಸೆಯಿರುವವರು ಇದನ್ನು ಓದುತ್ತಿದ್ದರೆ ನನ್ನ ಸಲಹೆ ಇಷ್ಟೆ: ಮೊದಲೇ ಗದ್ದಲ ಇರುವ ಜಾಗ ಹುಡುಕಿ. ಶಾಂತವಾದ ಜಾಗಕ್ಕೆ ಹೋದರೆ ಎರಡನೇ ದಿನ ಪೊಲೀಸರು ಬರುತ್ತಾರೆ.

ಹಾಡು ಭಾನುವಾರದ್ದು. ಉಳಿದ ದಿನ ಬೆಳಿಗ್ಗೆ ಭಾವನ ಕೆಲಸ ಚಾಮರಾಜನಗರದ ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು. ಕೂದಲನ್ನು ಗಂಟು ಹಾಕಿ, ಮೇಲೊಂದು ಟವೆಲ್ ಸುತ್ತಿ, ಈರುಳ್ಳಿ ಮೂಟೆಯ ಮೇಲೆ ಹತ್ತಿ ನಿಂತರೆಂದರೆ ಹೊಟ್ಟೆಯ ಆಳದಿಂದ ಗರಗರನೆ ದನಿ ಎದ್ದು ಬರುತ್ತಿತ್ತು. "ಯಾರು ಮೇಲೆ? ಯಾರಪ್ಪಾ ಮೇಲೆ? ಬೀನೀಸ್ ನೋಡ್ರಪ್ಪಾ, ಮುರುದ್ರೆ ಪಟ್ ಅಂತದೆ, ಯಾರು ಮೇಲೆ?" ಬೆಲೆ ಏರಿಸುವ ವ್ಯಾಪಾರಿಗಳು ಬಾಯಿ ಬಿಡುವುದಿಲ್ಲ. ಒಬ್ಬ ಹುಬ್ಬು ಏರಿಸುತ್ತಾನೆ, ಇನ್ನೊಬ್ಬ ಹೆಬ್ಬೆರಳು ಅಲ್ಲಾಡಿಸುತ್ತಾನೆ, ಮತ್ತೊಬ್ಬ ಮೂಗು ಕೆರೆದುಕೊಳ್ಳುತ್ತಾನೆ. ಅಷ್ಟೂ ಜನರ ಹುಬ್ಬು, ಬೆರಳು, ಮೂಗು ಭಾವನ ಕಣ್ಣಿಗೆ ಒಟ್ಟಿಗೆ ಬೀಳುತ್ತಿದ್ದವು.

ನಾನು ಹರವೆ ಕಡೆಯವನು. ಸೈಕಲ್ಲಿನಲ್ಲಿ ಕೊತ್ತಂಬರಿ ಕಟ್ಟು ಮಾರುತ್ತಿದ್ದೆ. ಬೇರೆಯವರ ಕೈಯಿಂದ ಕೊಂಡರೆ ಏಳಿಗೆಯಿಲ್ಲ, ನಾನೇ ಹರಾಜಿಗೆ ನಿಲ್ಲಬೇಕು ಎಂದು ತೀರ್ಮಾನಿಸಿ ಒಂದು ಬೆಳಿಗ್ಗೆ ಆ ಮಂಡಿಗೆ ಹೋದೆ. ಆಗ ಅವರು ನನಗೆ ಭಾವನಲ್ಲ, ಬರೀ ಹರಾಜಿನವರು. ಟೊಮೆಟೊ ಬಂತು. ದೊಡ್ಡ ವ್ಯಾಪಾರಿಯೊಬ್ಬ ಹುಬ್ಬು ಏರಿಸಿದ. ನನ್ನ ಕೈ ಜೇಬಿನೊಳಗೇ ಬೆವರುತ್ತಿತ್ತು. "ಒಂದ್ಸಲ... ಎರಡ್ಸಲ..." ಅಂದರು. ಆಮೇಲೆ ನಿಲ್ಲಿಸಿಬಿಟ್ಟರು. ಬಾಯಿ ತೆರೆದೇ ಇದೆ, ದನಿ ಇಲ್ಲ. ಕಣ್ಣು ನನ್ನ ಮೇಲಿದೆ.

"ಏನಯ್ಯಾ, ಗಂಟ್ಲು ಕಟ್ಕತ್ತಾ? ಮೂರು ಅನ್ನು!" ಎಂದ ದೊಡ್ಡ ವ್ಯಾಪಾರಿ.

"ಇರಣ್ಣೋ, ಒಸ ಉಡ್ಗ. ಕೈ ಎತ್ತಕ್ಕೆ ವಸಿ ಒತ್ತು ಬೇಕು," ಎಂದು ಮತ್ತೆ ಬಾಯಿ ತೆರೆದುಕೊಂಡು ನಿಂತರು.

ನನ್ನ ಕೈ ಎದ್ದಿತು. ಟೊಮೆಟೊ ನನ್ನದಾಯಿತು. ಈ ಶೆಡ್ಡು, ಈ ಗಾಡಿ, ನಾಲ್ಕು ಜನರ ಎದುರು ನಾನು ಆಡುವ ಮಾತು, ಎಲ್ಲ ಆ ಮೌನದಿಂದ ಶುರುವಾದದ್ದು. ನನಗೊಬ್ಬನಿಗೇ ಅಲ್ಲ, ಹೊಸದಾಗಿ ಬಂದ ಯಾರಿಗಾದರೂ ಅವರು ಎರಡನೇ ಮತ್ತು ಮೂರನೇ ಕೂಗಿನ ನಡುವೆ ಹೀಗೆ ಕಾಯುತ್ತಿದ್ದರು. ಹಳಬರು ಬೈಯುತ್ತಿದ್ದರು, ಇವರು ನಗುತ್ತಿದ್ದರು.

ಒಳ್ಳೆಯ ಮಾಲು ಕಣ್ಣಿಗೆ ಬಿದ್ದರೆ ಬಿಡುವವನು ನಾನಲ್ಲ. ನಾನೇ ಮುಂದೆ ನಿಂತು ಅಕ್ಕನಿಗೆ ಅವರ ಸಂಬಂಧ ತಂದೆ. ಹುಡುಗಿ ನೋಡುವ ದಿನ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ನಡುವೆ ನಮ್ಮ ಸೋದರಮಾವ ಗಂಡಿನ ಬೆನ್ನ ಮೇಲೆ ಹರಡಿದ್ದ ಕೂದಲನ್ನೇ ದಿಟ್ಟಿಸಿ, "ಅಲ್ಲಾ, ಗಂಡು ಯಾಕಿಂಗೆ ಕೂದ್ಲು ಬುಟ್ಕಂಡವ್ನೆ?" ಎಂದು ಕೇಳಿಬಿಟ್ಟರು. ಹೆವಿ ಮೆಟಲ್ ಎಂಬುದನ್ನು ಸೋದರಮಾವನಿಗೆ ಯಾವ ಬಾಯಲ್ಲಿ ವಿವರಿಸುವುದು?

ಭಾವನ ಅವ್ವ, ನಾನು ಅತ್ತೆ ಎಂದೇ ಕರೆಯುವವರು, ಎಲೆಗೆ ಸುಣ್ಣ ಸವರುತ್ತಿದ್ದ ಕೈ ನಿಲ್ಲಿಸಲೂ ಇಲ್ಲ. "ಮಾದಪ್ಪನ್ ಮುಡಿ ಕಣಪ್ಪ. ಅರಕೆ," ಎಂದರು.

ಸೋದರಮಾವ ನೆಟ್ಟಗೆ ಕುಳಿತರು. "ಏನ್ ಅರಕೆ ತಾಯಿ?"

"ತೀರಿದ್ ಮ್ಯಾಲೆ ಏಳ್ತೀವಿ. ಮೊದ್ಲೇ ಬಾಯ್ ಬುಟ್ರೆ ಮಾದಪ್ಪ ಒಪ್ತನಾ?"

ಸೋದರಮಾವ ಆ ಕೂದಲಿಗೇ ಕೈ ಮುಗಿದರು. ಸಂಬಂಧ ಕುದುರಿತು. ಆಮೇಲೆ ನಾನು ಕಾಫಿ ಲೋಟ ಇಡಲು ಅಡುಗೆಮನೆಗೆ ಹೋದಾಗ, ಕೈ ತೊಳೆಯಲು ಬಂದಿದ್ದ ತಾಯಿ ಮಗ ಪಿಸುಗುಡುತ್ತಿದ್ದರು.

"ಯಾವ್ ಅರಕೆನವ್ವಾ?"

"ನಂಗೇನ್ಲಾ ಗೊತ್ತು? ನಿನ್ ಕೂದ್ಲೂ ಉಳೀತು, ಎಣ್ಣೂ ಸಿಕ್ತು. ಸುಮ್ಕಿರ್ಲಾ."

ಎಷ್ಟೋ ಮಂಡಿ ಕಂಡಿದ್ದೇನೆ, ಅಂಥ ಚೌಕಾಸಿ ಕಂಡಿಲ್ಲ. ಅಂದಿನಿಂದ ಊರಿನ ಮುದುಕಿಯರಿಗೆ ಭಾವ ಅರ್ಧ ದೇವರಾದರು. ದಾರಿಯಲ್ಲಿ ನಿಲ್ಲಿಸಿ ಮಜ್ಜಿಗೆ ಕೊಡುತ್ತಿದ್ದರು. "ಮುಡಿ ಯಾವಾಗ ಸ್ವಾಮಿ?" ಎಂದು ಕೇಳಿದರೆ, "ಟೇಮ್ ಬರ್ಬೇಕು ಕಣವ್ವ," ಎಂದು ಕೈ ಮುಗಿದು ಮುಂದೆ ಹೋಗುತ್ತಿದ್ದರು. ಕಿವಿಯಲ್ಲಿ ಮಾತ್ರ ಇಯರ್‌ಫೋನು.

ಇವರಿಗೆ ಆ ಸಂಗೀತ ಅಂಟಿದ್ದೂ ವಿಚಿತ್ರ. ಊಟಿಗೆ ಹೊರಟ ಯಾವನೋ ಪ್ರವಾಸಿ ಗುಂಡ್ಲುಪೇಟೆಯ ಹೋಟೆಲಿನ ಮೇಜಿನ ಮೇಲೆ ಒಂದು ಕ್ಯಾಸೆಟ್ ಮರೆತು ಹೋಗಿದ್ದ. ಕಾಲೇಜು ಹುಡುಗನಾಗಿದ್ದ ಭಾವ ಅದನ್ನು ಟೇಪು ತೇಯುವವರೆಗೆ ಕೇಳಿದರು. ಕುದುರೆ ಓಟದಂಥ ಒಂದೇ ಲಯ, ಉದ್ದುದ್ದ ಎಳೆಯುವ ಗಿಟಾರು, ಅದರ ಮೇಲೆ ಆಕಾಶ ಸೀಳುವ ಹಾಗೆ ಎತ್ತರದ ದನಿಯಲ್ಲಿ ಹಾಡುವವನು. ತಾನೂ ಹಾಗೆಯೇ ಹಾಡಬೇಕೆಂದು ಹೊರಟವರು ಇಪ್ಪತ್ತು ವರ್ಷ ಹಾಡಿದರು. ಜೊತೆಗಾರರು ಬಂದರು, ಹೋದರು. ಕೊನೆಗೆ ನಿಂತವರು ಮೂವರು: ಗಿಟಾರಿಗೆ ಗುಂಡ್ಲುಪೇಟೆಯ ಮಲಯಾಳಿ ಬೇಕರಿಯ ಹುಡುಗ, ಡ್ರಮ್ಸಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ, ಬೇಸ್ ಗಿಟಾರಿಗೆ ಒಬ್ಬ ಲೈನ್‌ಮ್ಯಾನು. ಈ ಲೈನ್‌ಮ್ಯಾನು ಕರೆಂಟ್ ಹೋದಾಗ ಮಾತ್ರ ಮಾತಾಡುತ್ತಾನೆ.

ನಾನು ಅವರ ಮ್ಯಾನೇಜರು. ಯಾರೂ ನೇಮಿಸಲಿಲ್ಲ, ಗಾಡಿ ನನ್ನದು, ಶೆಡ್ಡು ನನ್ನದು, ಬಾಯಿಯೂ ನನ್ನದು. ಕಾಲೇಜು ಸಮಾರಂಭ, ಊಟಿ ರಸ್ತೆಯ ಹೋಟೆಲು, ಎಲ್ಲಿ ಹೋದರೂ ಆಯೋಜಕರ ಹತ್ತಿರ ಗುದ್ದಾಡಿ ಮೊದಲು ಊಟ, ಆಮೇಲೆ ಹಾಡು ಎಂದು ಒಪ್ಪಿಸುವುದು ನನ್ನ ಕೆಲಸ. ಇದನ್ನೂ ನೆನಪಿಡಿ: ಹಾಡು ಮುಗಿದ ಮೇಲೆ ಊಟ ಕೊಡುತ್ತೇವೆ ಎನ್ನುವವರು ಕೊಡುವುದು ಸಾರು ಮುಗಿದ ಪಾತ್ರೆ.

ಬರಬರುತ್ತಾ ಭಾವನ ಎತ್ತರದ ದನಿ ಒಡೆಯತೊಡಗಿತು. ಮೇಲಿನ ಸ್ವರ ಬಂದಾಗ ಮೈಕನ್ನು ಜನರ ಕಡೆ ತಿರುಗಿಸುತ್ತಿದ್ದರು, ಅವರೇ ಹಾಡಲಿ ಎಂಬಂತೆ. ಜನಕ್ಕೆ ಆ ಹಾಡು ಗೊತ್ತಿದ್ದರೆ ತಾನೆ? ಬೇಕರಿ ಹುಡುಗ, ಡ್ರಮ್ಮಿನ ಹುಡುಗಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವರಿಬ್ಬರು ಹೋದರೆ ಬ್ಯಾಂಡು ಮುಗಿಯಿತು ಎಂದು ನನಗೆ ಗೊತ್ತಿತ್ತು.

ಒಂದು ಭಾನುವಾರ ನಾನೂ ಭಾವನೂ ಶೆಡ್ಡಿಗೆ ಬೇಗ ಹೋದೆವು. ಒಳಗೆ ಅವರಿಬ್ಬರು ಆಗಲೇ ಬಾರಿಸುತ್ತಿದ್ದರು. ನಾನು ಅದುವರೆಗೆ ಕೇಳದ ಸದ್ದು. ಗಿಟಾರಿನ ತಂತಿಯನ್ನು ಎಷ್ಟು ಕೆಳಕ್ಕೆ ಇಳಿಸಿ ಶ್ರುತಿ ಮಾಡಿದ್ದರೆಂದರೆ ಬಾಗಿಲಿನ ತಗಡು ನಡುಗುತ್ತಿತ್ತು. ಲಯ ನೇರ ಓಡುವುದಿಲ್ಲ. ಏಳು ಎಣಿಸಿ ಮುರಿಯುತ್ತದೆ, ಐದು ಎಣಿಸಿ ತಿರುಗುತ್ತದೆ, ಇದ್ದಕ್ಕಿದ್ದಂತೆ ನಿಂತು, ತುಂಬಿದ ಮೂಟೆ ಲಾರಿಯಿಂದ ಉರುಳಿದ ಹಾಗೆ ಧೊಪ್ಪನೆ ನಿಧಾನವಾಗಿ ಬೀಳುತ್ತದೆ. ಬೀಳುವ ಕಡೆ ಬೇಕರಿ ಹುಡುಗ ಗುಡುಗಿನಂತೆ ಗರ್ಜಿಸಲು ನೋಡಿ ಕೆಮ್ಮಿದ. ಮರುಕ್ಷಣ ಜೋಗುಳದಷ್ಟು ಮೆದುವಾಗಿ ಹಾಡಿದ. ಇದಕ್ಕೆ ಪ್ರೋಗ್ರೆಸಿವ್ ಮೆಟಲ್‌ಕೋರ್ ಎನ್ನುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು.

ಭಾವ ಮೂಟೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದರು. ಈಗ ಬೈಗುಳದ ಮಳೆ ಎಂದುಕೊಂಡೆ. ಒಳಗಿನವರು ನಮ್ಮನ್ನು ನೋಡಿ ಬಾರಿಸುವುದನ್ನು ನಿಲ್ಲಿಸಿದರು.

"ಅಣ್ಣ... ಸುಮ್ನೆ ಟ್ರೈ ಮಾಡ್ತಿದ್ವಿ," ಎಂದಳು ಹುಡುಗಿ.

"ಎಷ್ಟು ದಿನದಿಂದ?"

ಬೇಕರಿ ಹುಡುಗ ತಂತಿ ಒರೆಸತೊಡಗಿದ. ಅವನಿಗೆ ಅಣ್ಣ ಅಂದರೆ ಚೇಟಾ. "ಚೇಟಾ, ನಿಮ್ಗೆ ಇಷ್ಟ ಆಗಲ್ಲ ಅಂತ... ನಾವಿಬ್ರೇ ಬೇರೆ ಮಾಡೋಣ ಅಂತ..."

"ಮೊದ್ಲಿಂದ ಬಾರ್ಸಿ," ಎಂದು ಭಾವ ನೆಲದ ಮೇಲೆ ಕುಳಿತರು. ಅವರು ಬಾರಿಸಿದರು. ಮುಗಿದ ಮೇಲೆ ಇನ್ನೊಮ್ಮೆ ಬಾರಿಸಲು ಹೇಳಿದರು. ಆಮೇಲೆ ಎದ್ದು ಚಡ್ಡಿ ಹುಡುಗನ ಹಾಗೆ ಕೈ ಕಟ್ಟಿಕೊಂಡು, "ನಂಗೂ ಕಲಿಸ್ರಲಾ," ಎಂದರು.

ನಾನು ಅಡ್ಡ ಬಂದೆ. "ಭಾವ, ಓಡೋ ಮಾಲ್ನ ಯಾರಾದ್ರೂ ಬದಲಾಯಿಸ್ತಾರಾ? ಊಟಿ ರೋಡಿನ ಹೋಟ್ಲೋರು ಹಳೆ ಹಾಡ್ನೇ ಕೇಳೋದು."

"ಓಡೋ ಮಾಲಾ? ನನ್ ಗಂಟ್ಲು ಓಡ್ತಾ ಇಲ್ಲ ಕಣ್ಲಾ ಬಾಮೈದ. ಮ್ಯಾಲಿನ್ ಸ್ವರಕ್ಕೆ ಓಗುವಾಗೆಲ್ಲ ಬ್ಯಾರೆಯವ್ರ ಮನೆ ಗೋಡೆ ಅತ್ತಿದಂಗಾಯ್ತದೆ. ಈ ಮಕ್ಳು ಒಸ ಬಾಗ್ಲು ತಗುದವ್ರೆ. ಓಗನ ಬುಡು."

ಗುಂಡ್ಲುಪೇಟೆಯಲ್ಲಿ ಮೈಸೂರಿನ ದಾರಿ, ಊಟಿಯ ದಾರಿ, ಕೇರಳದ ದಾರಿ ಸೇರುತ್ತವೆ. ಮೂರು ಕಡೆಯಿಂದಲೂ ಬ್ಯಾಂಡುಗಳನ್ನು ಕರೆಸಿ ಅಲ್ಲೇ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ ಮಾಡೋಣ ಎಂದು ನಾನು ಹಿಂದೆಯೇ ಮಾತಾಡಿಟ್ಟಿದ್ದೆ. ಭಾವ ಹೊಸ ಹಾಡನ್ನು ಅಲ್ಲೇ ಹಾಡುತ್ತೇವೆ ಎಂದರು. ಎಲ್ಲರ ಎದುರು ಬೇಕರಿ ಹುಡುಗನಿಗೆ ಮಾತು ಕೊಟ್ಟರು: "ಅವತ್ತು ನನ್ ಕೈಲಿ ಆಗ್ನಿಲ್ಲ ಅಂದ್ರೆ ಮೈಕು ನಿಂದು. ನಾನು ಮುಂದ್ಗಡೆ ಕುಂತು ಚಪ್ಪಾಳೆ ತಟ್ತೀನಿ." ತಮಾಷೆಯ ದನಿಯಲ್ಲೇ ಅಂದರು. ಆದರೆ ಅಕ್ಕ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಹಾಡು ಬುಟ್ರೆ ಈ ಮನ್ಷ ಅರ್ಧ ಆಗೋಯ್ತಾರೆ ಕಣೋ," ಎಂದಳು.

ಕಲಿಕೆ ಶುರುವಾಯಿತು. ಆಗಲಿಲ್ಲ. ಭಾವನಿಗೆ ನಾಲ್ಕರ ಲೆಕ್ಕ ಮೈಗಂಟಿತ್ತು. ಏಳಕ್ಕೆ ಬರಬೇಕಾದಲ್ಲಿ ನಾಲ್ಕಕ್ಕೇ ನುಗ್ಗುತ್ತಿದ್ದರು. ಬೆರಳು ಮಡಚಿ ಎಣಿಸಿದರು, ಕಾಲು ಕುಟ್ಟಿ ಎಣಿಸಿದರು. ಗರ್ಜಿಸಲು ಹೋದರೆ ಮೊಬೈಲಿನಲ್ಲಿ ನೋಡಿದವನ ಅನುಕರಣೆ ಬರುತ್ತಿತ್ತೇ ಹೊರತು ದನಿ ಬರುತ್ತಿರಲಿಲ್ಲ. ಡ್ರಮ್ಮಿನ ಹುಡುಗಿ ಕೋಲು ಕೆಳಗಿಟ್ಟಳು.

"ಅಣ್ಣ, ನಿಮ್ಗೆ ಕಾಯೋಕೇ ಬರಲ್ವಾ?"

"ಎಣಿಸ್ತಾ ಇವ್ನಿ ಕಣಮ್ಮಿ, ಎಣಿಸ್ತಾ ಎಣಿಸ್ತಾ ನೀನೇ ಮುಂದ್ಕೋಯ್ತೀಯ!"

ಆ ವಾರ ಅವಳ ಮನೆಯಲ್ಲಿ ನಾಮಕರಣ. ಅಡುಗೆಗೆ ಅಗ್ಗದಲ್ಲಿ ತರಕಾರಿ ಬೇಕೆಂದಳು. ಮಂಡಿಗೆ ಬಾ ಎಂದೆ. ಬಂದವಳು ಬದನೆಕಾಯಿ ಚೀಲ ಹಿಡಿದು ನಿಂತುಬಿಟ್ಟಳು. ಮೂಟೆಯ ಮೇಲೆ ಭಾವ ಕೂಗುತ್ತಿದ್ದರು. ಎಣಿಸುತ್ತಿರಲಿಲ್ಲ. ಹುಬ್ಬು ನೋಡುತ್ತಿದ್ದರು, ಬೆರಳು ನೋಡುತ್ತಿದ್ದರು. ಹುಬ್ಬು ಎದ್ದ ಕ್ಷಣಕ್ಕೆ ದನಿ ಬೀಳುತ್ತಿತ್ತು, ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ದನಿಯೋ, ಹೊಟ್ಟೆಯೊಳಗಿಂದ ಕಲ್ಲು ಉರುಳಿ ಬಂದಂತೆ.

ಹುಡುಗಿ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಅಣ್ಣಾ! ನಾವು ಹುಡುಕ್ತಿರೋ ದನಿ ಇಲ್ಲೇ ಈರುಳ್ಳಿ ಮೂಟೆ ಮೇಲೆ ನಿಂತಿದೆ!"

ಮುಂದಿನ ಭಾನುವಾರ ಅವಳು ಭಾವನಿಗೆ ಎಣಿಸುವುದನ್ನೇ ನಿಲ್ಲಿಸಲು ಹೇಳಿದಳು. "ನಾನು ವ್ಯಾಪಾರಿ. ನನ್ ಹುಬ್ಬು ನೋಡಿ. ಎದ್ದಾಗ ಕೂಗಿ. ಮಂಡೀಲಿ ಕೂಗೋದನ್ನೇ ಕೂಗಿ." ಭಾವನಿಗೆ ನಾಚಿಕೆ. ಇಪ್ಪತ್ತು ವರ್ಷ ಆ ದನಿಯನ್ನು ಮಂಡಿಯ ಬಾಗಿಲಿನಲ್ಲೇ ಬಿಟ್ಟು ಬರುತ್ತಿದ್ದರು. ಹಾಡಿಗೆ ಬೇರೆಯೇ ದನಿ ಬೇಕೆಂಬ ನಂಬಿಕೆ. ಅವಳ ಹುಬ್ಬು ಎದ್ದಿತು. "ಯಾರು ಮೇಲೆ?" ಎಂದು ಗರಗರನೆ ಕೂಗಿದರು. ದನಿ ಲಯಕ್ಕೆ ಸರಿಯಾಗಿ ಬಿತ್ತು. ಮತ್ತೆ ಹುಬ್ಬು, ಮತ್ತೆ "ಯಾರು ಮೇಲೆ?" ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು. ಲೈನ್‌ಮ್ಯಾನು ಕರೆಂಟ್ ಇದ್ದಾಗಲೇ ಬಾಯಿ ಬಿಟ್ಟು, "ಬೆಂಕಿ ಗುರು!" ಎಂದ.

ಅಲ್ಲಿಂದ ಹಾಡು ತಾನೇ ಬೆಳೆಯಿತು. ಮೆದುವಾದ ಭಾಗವೆಲ್ಲ ಬೇಕರಿ ಹುಡುಗನಿಗೆ, ಗರ್ಜನೆ ಭಾವನಿಗೆ. ನಡುವೆ "ಒಂದು ಸಲ... ಎರಡು ಸಲ..." ಎಂದು ಕೂಗಿ ಎಲ್ಲರೂ ನಿಲ್ಲುವುದು, ಹುಬ್ಬು ಎದ್ದೊಡನೆ "ಮೂರು!" ಎಂದು ಎಲ್ಲ ವಾದ್ಯವೂ ಒಟ್ಟಿಗೆ ಬೀಳುವುದು.

ಕಾರ್ಯಕ್ರಮದ ದಿನ ಬಂತು. ಕಲ್ಯಾಣ ಮಂಟಪದ ಮ್ಯಾನೇಜರು ನಾವು ಆರ್ಕೆಸ್ಟ್ರಾದವರು ಎಂದುಕೊಂಡಿದ್ದರು, ನಾನೂ ತಿದ್ದಲಿಲ್ಲ. ವೇದಿಕೆಯ ಮೇಲೆ ಹಿಂದಿನ ದಿನದ ಮದುವೆಯ ಹೂವಿನ ಕಮಾನು ಹಾಗೆಯೇ ಇತ್ತು. ಅದನ್ನು ತೆಗೆಯಬೇಡಿ ಎಂದು ಅವರನ್ನು ಒಪ್ಪಿಸಿದೆ. ಪುಕ್ಕಟೆ ಅಲಂಕಾರ ಯಾವತ್ತೂ ಬಿಡಬಾರದು. ಮಧ್ಯಾಹ್ನದ ಹೊತ್ತಿಗೆ ಮೈಸೂರು, ವಯನಾಡು, ನೀಲಗಿರಿಯ ಹುಡುಗ ಹುಡುಗಿಯರು ಕಪ್ಪು ಬಟ್ಟೆಯಲ್ಲಿ ಬಂದು ಬಾಳೆಎಲೆ ಊಟ ಮಾಡಿ ಚೆಂಡು ಹೂವಿನ ಕಮಾನಿನ ಕೆಳಗೆ ಸೆಲ್ಫಿ ತೆಗೆದುಕೊಂಡರು. ಅತ್ತೆ ಮೊದಲ ಸಾಲಿನಲ್ಲಿ, ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೂರುವ ಜಾಗದಲ್ಲಿ, ಎಲೆಅಡಿಕೆ ಚೀಲ ತೊಡೆಯ ಮೇಲಿಟ್ಟು ಕುಳಿತರು. ಪಕ್ಕದಲ್ಲಿ ಅಕ್ಕ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದಳು.

ಭಾವ ಬಂದರು. ಕೂದಲು ಬಿಚ್ಚಿದ್ದರು. ಹಾಡು ಶುರುವಾಯಿತು. ಮೊದಲ "ಯಾರು ಮೇಲೆ?"ಗೆ ಜನ ಬೆಚ್ಚಿದರು. ಎರಡನೆಯದಕ್ಕೆ ನಕ್ಕರು. ಆಮೇಲೆ ಕನ್ನಡ ಬಾರದ ವಯನಾಡಿನ ಹುಡುಗರೂ ಮುಷ್ಟಿ ಎತ್ತಿ "ಯಾರು ಮೇಲೆ?" ಎಂದು ತಿರುಗಿ ಕೂಗತೊಡಗಿದರು. ಹೂವಿನ ಕಮಾನು ನಡುಗುತ್ತಿತ್ತು.

"ಒಂದು ಸಲ!" ಎಂದರು ಭಾವ. "ಎರಡು ಸಲ!" ಎಲ್ಲ ನಿಂತಿತು.

ಅಷ್ಟರಲ್ಲಿ ಡ್ರಮ್ಮಿನ ಹುಡುಗಿಯ ಕೈಯಿಂದ ಕೋಲು ಜಾರಿ ಉರುಳಿ ಸ್ಪೀಕರಿನ ಹಿಂದೆ ಹೋಯಿತು. ನಾನು ವೇದಿಕೆಯ ಪಕ್ಕದಲ್ಲಿದ್ದೆ, ಕಂಡೆ. ಬದಲಿ ಕೋಲು ಇದ್ದದ್ದು ಬೆನ್ನ ಹಿಂದಿನ ಚೀಲದಲ್ಲಿ, ಅವಳು ತಡಕಾಡತೊಡಗಿದಳು. ಬೇಕರಿ ಹುಡುಗ ಭಯದಿಂದ ಭಾವನ ಕಡೆ ನೋಡಿದ. ಶೆಡ್ಡಿನಲ್ಲಿ ಅಭ್ಯಾಸ ಮಾಡಿದ ಹೊತ್ತು ಆಗಲೇ ಮೀರಿತ್ತು. ಭಾವ ನುಗ್ಗಿದ್ದರೆ ಹಾಡು ಅಲ್ಲೇ ಚೂರುಚೂರು.

ಭಾವ ನುಗ್ಗಲಿಲ್ಲ. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಕಣ್ಣು ಆ ಹುಡುಗಿಯ ಮೇಲಿತ್ತು. ಆ ಮುಖ ನನಗೆ ಗೊತ್ತಿತ್ತು. ಜೇಬಿನಲ್ಲಿ ಬೆವರುವ ಕೈ ಇಟ್ಟುಕೊಂಡು ಟೊಮೆಟೊ ರಾಶಿಯ ಮುಂದೆ ನಿಂತಾಗ ನಾನು ಕಂಡದ್ದು ಅದೇ ಮುಖ. ಹೊತ್ತಿದೆ, ಅವಸರ ಇಲ್ಲ, ನೀನು ಕೈ ಎತ್ತುವವರೆಗೆ ನಾನು ಮೂರು ಅನ್ನುವುದಿಲ್ಲ.

ಆ ಮೌನದಲ್ಲಿ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು: "ಕರೆಂಟ್ ಓಯ್ತೇನಮ್ಮೀ?"

ಯಾರೋ ಕಿಸಕ್ಕನೆ ನಕ್ಕರು. ಹುಡುಗಿಯ ಕೈಗೆ ಕೋಲು ಸಿಕ್ಕಿತು. ಹುಬ್ಬು ಎದ್ದಿತು.

"ಮೂರು!"

ಅದು ಹೇಗೆ ಬಿತ್ತೆಂದರೆ, ಕಮಾನಿನ ಚೆಂಡು ಹೂವೆಲ್ಲ ಉದುರಿ ಭಾವನ ಕೂದಲ ಮೇಲೆ ಸುರಿದವು. ಜನ ಕುರ್ಚಿ ಬಿಟ್ಟು ಎದ್ದರು. ಆ ನಿಲುಗಡೆಯನ್ನು ಬೇಕೆಂದೇ ಅಷ್ಟು ಉದ್ದ ಇಟ್ಟಿದ್ದು ಎಂದು ಎಲ್ಲರೂ ನಂಬಿದರು. ಮೈಸೂರಿನ ಬ್ಯಾಂಡಿನವನೊಬ್ಬ ಬಂದು ಆ ಲೆಕ್ಕ ಎಷ್ಟು ಎಂದು ಬೇಕರಿ ಹುಡುಗನನ್ನು ಕೇಳಿದ. "ಅದು ಮಂಡಿ ಲೆಕ್ಕ," ಎಂದು ಇವನು ಗಂಭೀರವಾಗಿ ಹೇಳಿ ಮೈಕನ್ನು ಭಾವನ ಕೈಗೇ ಕೊಟ್ಟ.

ಕೆಳಗಿಳಿದ ಭಾವ ಅವ್ವನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. "ಎಂಗಿತ್ತವ್ವಾ?"

ಅತ್ತೆ ಮಗನ ತಲೆಯಿಂದ ಹೂವಿನ ಎಸಳು ಒಂದೊಂದೇ ಹೆಕ್ಕುತ್ತಾ, "ಇದು ಕಣ್ಲಾ ನಿನ್ ದನಿ," ಎಂದರು. "ಇಷ್ಟ್ ದಿನ ಯಾರ್ ದನೀಲೋ ಕಿರುಚ್ಕತಿದ್ದೆ, ನನ್ ಕಿವಿ ನೋಯ್ತಿತ್ತು. ಏಳ್ಬಾರ್ದು ಅಂತ ಸುಮ್ಕಿದ್ದೆ." ಆಮೇಲೆ ಸಲೀಸಾಗಿ ಅಂದರು: "ಅರಕೆ ತೀರ್ತು. ಬೆಟ್ಟಕ್ಕೋಗನ."

"ಯಾವ್ ಅರಕೆನವ್ವಾ?" ಎಂದರು ಭಾವ, ಅಂದು ಅಡುಗೆಮನೆಯಲ್ಲಿ ಕೇಳಿದ ಹಾಗೆಯೇ.

"ಅವತ್ತು ನಂಗೂ ಗೊತ್ತಿರ್ನಿಲ್ಲ. ಇವತ್ ಗೊತ್ತಾಯ್ತು."

ಭಾವ ಒಂದು ಮಾತು ಎದುರಾಡಲಿಲ್ಲ. ನಾನು ಮಾತ್ರ ಆಡಿದೆ: "ಮೆಟಲ್ ಹಾಡೋರಿಗೆ ಕೂದಲೇ ಬೋರ್ಡು ಅತ್ತೆ, ಮುಂದಿನ ಪ್ರೋಗ್ರಾಂ ಹೆಂಗೆ?" ಅತ್ತೆ ನನ್ನ ಕಡೆ ನೋಡಿದ ನೋಟಕ್ಕೆ ನಾನೇ ಗಾಡಿಯ ಬೀಗದ ಕೈ ತೆಗೆದೆ. ಚೌಕಾಸಿ ಗೊತ್ತಿರುವವನಿಗೆ ಎಲ್ಲಿ ಮಾಡಬಾರದೆಂದೂ ಗೊತ್ತಿರಬೇಕು. ಡ್ರಮ್ಸು ಹೊರುವ ಗಾಡಿಯಲ್ಲೇ ಎಲ್ಲರೂ ಮಾದಪ್ಪನ ಬೆಟ್ಟಕ್ಕೆ ಹೋದೆವು. ಮುಡಿ ತೆಗೆಯುವಾತ ಕೂದಲು ನೆನೆಸಿದ. ನೀರು ಅರಿಶಿನ ಬಣ್ಣಕ್ಕೆ ತಿರುಗಿ ಹರಿಯಿತು. "ಇದೇನ್ ಸ್ವಾಮಿ ಮುಡಿಗೇ ಅರಿಶಿನ ಅಚ್ಕಂಡ್ ಬಂದಿದ್ದೀರಿ, ಎಂಥಾ ಬಕ್ತಿ!" ಎಂದ. ಡ್ರಮ್ಮಿನ ಹುಡುಗಿ ನಗು ತಡೆಯಲಾರದೆ ಆಚೆ ಹೋದಳು.

ಈಗ ಭಾವ ತಲೆ ಕೊಡವಿದರೆ ಏನೂ ಏಳುವುದಿಲ್ಲ. ನುಣ್ಣನೆಯ ತಲೆಯಲ್ಲೇ ಹಾಡುತ್ತಾರೆ. ಮೂರು ದಾರಿಯಿಂದಲೂ ಕರೆ ಬರುತ್ತದೆ, ನಾನು ಊಟಕ್ಕೆ ಜಗಳವಾಡುತ್ತೇನೆ.

ಮೊನ್ನೆ ಮಂಡಿಗೆ ಹೋಗಿದ್ದೆ. ಒಳ್ಳೆಯ ಹಸಿ ಶುಂಠಿ ಬಂದಿತ್ತು, ನಾನು ಹುಬ್ಬು ಏರಿಸಿದೆ. "ಒಂದ್ಸಲ... ಎರಡ್ಸಲ..." ಎಂದರು ಭಾವ. ನಿಂತರು. ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ ಚಂದಕವಾಡಿ ಕಡೆಯ ಹೆಂಗಸೊಬ್ಬರು, ಮೊದಲ ಸಲ ಹರಾಜಿಗೆ ನಿಂತವರು, ಸೆರಗಿನ ತುದಿ ಹಿಂಡುತ್ತಿದ್ದರು.

"ಭಾವ! ಮೂರು ಅನ್ನಿ!" ಎಂದೆ. "ನಾನು ನಿಮ್ ಸ್ವಂತ ಬಾಮೈದ!"

"ಅದ್ಕೇ ಕಣ್ಲಾ," ಎಂದರು ಮೂಟೆಯ ಮೇಲಿಂದ. "ನಿನ್ ಪಾಲಿನ್ ಒತ್ತು ನಿಂಗೆ ಆಗ್ಲೇ ಕೊಟ್ಟಾಗದೆ."

ಆ ಹೆಂಗಸಿನ ಕೈ ಎದ್ದಿತು. ಶುಂಠಿ ಹೋಯಿತು. ನಾನು ಅಷ್ಟು ಖುಷಿಯಾಗಿ ಯಾವ ವ್ಯಾಪಾರವನ್ನೂ ಕಳೆದುಕೊಂಡಿಲ್ಲ.